ಅಳೆಯದೆ ಬಿಟ್ಟ ನಾಲ್ಕನೆಯ ಸಿಲಿಂಡರ್



ಮೊದಲಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಶಾಲೆಯ ಕಪಾಟಿನಿಂದ ವಿಜ್ಞಾನದ ಹತ್ತು ಪ್ರಾತ್ಯಕ್ಷಿಕ ಜರ್ನಲ್ ತೆಗೆದು ನೋಡ್ರಿ. ವರ್ನಿಯರ್‌ನಿಂದ ಗುಂಡಿನ ವ್ಯಾಸ ಅಳೆದ ಪುಟ ತೆರೆಯಿರಿ. ಹತ್ತರಲ್ಲಿ ಎಷ್ಟು ಜರ್ನಲ್‌ಗಳಲ್ಲಿ ಒಂದೇ ಅಂಕಿ ಇದೆ? ದಶಾಂಶದ ಮುಂದಿನ ಎರಡನೆಯ ಸ್ಥಾನದವರೆಗೂ ಒಂದೇ ಇದೆಯೇ? ಹಾಗಿದ್ದರೆ ಆ ಗುಂಡನ್ನು ಅಳೆದವರು ಯಾರು? ಒಬ್ಬ ಹುಡುಗ ಅಳೆದ, ಒಂಬತ್ತು ಮಂದಿ ಬರೆದುಕೊಂಡರು. ಆ ಒಬ್ಬನಾದರೂ ಅಳೆದನೋ, ಹೋದ ವರ್ಷದ ಜರ್ನಲ್ ನೋಡಿ ಬರೆದನೋ, ಅದೂ ಗೊತ್ತಿಲ್ಲ. ಆದರೂ ನಾವು ಕೆಂಪು ಶಾಯಿಯಲ್ಲಿ ಸಹಿ ಮಾಡುತ್ತೇವೆ.

ಇದನ್ನು ದೂರು ಎಂದು ಬರೆಯುತ್ತಿಲ್ಲ. ದೂರುವ ಯೋಗ್ಯತೆ ನನಗೂ ಇಲ್ಲ. ನನ್ನ ಸ್ವಂತ ವಹಿಯಲ್ಲೂ ಅಳೆಯದೆ ಬರೆದ ಒಂದು ಅಂಕಿ ಇದೆ. ಅದು ಎಲ್ಲಿ, ಹೇಗೆ ಬಂತು, ಅದರಿಂದ ಏನಾಯಿತು ಎಂಬುದನ್ನು ಹೇಳಿದರೆ ನನ್ನ ಮಾತು ನಿಮಗೆ ಒಪ್ಪಿಗೆಯಾದೀತು.

ನಮ್ಮ ಕಾಕಾ ಮುಂಬೈಯಲ್ಲಿ ಇಪ್ಪತ್ತೆಂಟು ವರ್ಷ ಟ್ಯಾಕ್ಸಿ ಓಡಿಸಿದವರು. ಊರಿಗೆ ಮರಳುವಾಗ ಒಂದು ಹಳೆಯ ಖಾಸಗಿ ಪ್ರೀಮಿಯರ್ ಪದ್ಮಿನಿ ಕಾರು ಕೊಂಡು ತಂದರು. ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂದು ತಯಾರಾಗಿ, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಗಾಡಿ ಅದು. ಊರಲ್ಲಿ ಕೆಲವು ವರ್ಷ ಓಡಿ, ಹೊಗೆ ಬಿಡತೊಡಗಿ, ಕೊನೆಗೆ ಅಕ್ಕಲಕೋಟೆಯ ಹತ್ತಿರದ ನಮ್ಮ ಹಿತ್ತಲಿನ ಪತ್ರಾದ ಕೆಳಗೆ ನಿಂತಿತು. ಅದರ ಮೇಲೆ ಕುಳ್ಳು ಒಟ್ಟಿದರು, ಕೋಳಿಗಳು ಸೀಟಿನ ಮೇಲೆ ತತ್ತಿ ಇಟ್ಟವು.

2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿಗೆ ಅಲ್ಲಿ ಇಪ್ಪತ್ತು ವರ್ಷದ ಮಿತಿ. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಕೊನೆಯ ಗಾಡಿಯ ಅವಧಿ ಮುಗಿದಿತ್ತು. ಪೇಪರಿನಲ್ಲಿ ಆ ಸುದ್ದಿ ಓದಿದ ಕಾಕಾ ಸಂಜೆತನಕ ಮಾತಾಡಲಿಲ್ಲ. ಊಟದ ಹೊತ್ತಿಗೆ, "ವಿಜ್ಞಾನದ ಮಾಸ್ತರ ಅದೀಯಲ್ಲ, ನಮ್ದಾದ್ರೂ ಒಮ್ಮಿ ಚಾಲೂ ಮಾಡಿ ಕೇಳಸೋ" ಅಂದರು. ಅವರಿಗೆ ಆಗ ಎಪ್ಪತ್ತಾರು. ಬೇಡ ಎನ್ನುವುದು ಹೇಗೆ?

ಎಂಜಿನ್ ಬಿಚ್ಚುವ ಮೊದಲು ನಾನು ಲೆಕ್ಕ ಹಾಕಿದೆ. ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 68 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 75 ಮಿ.ಮೀ. ನಮ್ಮ ಪಠ್ಯದ ವೃತ್ತಸಿಲಿಂಡರಿನ ಘನಫಲದ ಸೂತ್ರಕ್ಕೆ ಇವನ್ನು ಹಾಕಿದರೆ ಒಂದಕ್ಕೆ 272.4, ನಾಲ್ಕಕ್ಕೆ 1089.5 ಘನ ಸೆಂ.ಮೀ. ಪದ್ಮಿನಿಯ ಕಾಗದಪತ್ರಗಳಲ್ಲಿ 1089 ಸಿಸಿ ಎಂದು ಬರೆದಿರುತ್ತದಲ್ಲ, ಅದೇ ಇದು. ಇಪ್ಪತ್ತು ವರ್ಷ ನಾನು ಕಲಿಸಿದ ಸೂತ್ರ ಒಂದು ಕಾರಿನ ಕಾಗದದಲ್ಲಿ ಹೀಗೆ ಕೂತಿದೆ ಎಂದು ನನಗೆ ಅಂದೇ ಹೊಳೆದದ್ದು.

ನಮ್ಮೂರ ಕಡೆಯ ಹಳೆಯ ಗ್ಯಾರೇಜಿನ ಚಾಚಾ ನನ್ನ ಗುರು. ಅವರ ಶರತ್ತು ಒಂದೇ: "ಸರ, ಕೆಲಸ ನೀವ ಮಾಡ್ರಿ, ನಾ ಬಾಜೂಕ ಕುಂತು ನೋಡತೀನಿ. ಆದ್ರ ಅಳತಿ ಹಿಡೀಲಾರದ ಒಂದು ಬೋಲ್ಟ್‌ನೂ ಹಾಕಬ್ಯಾಡ್ರಿ."

ಮೊದಲ ವಾರ ಬಿಚ್ಚುವುದಕ್ಕೇ ಹೋಯಿತು. ಪ್ರತಿ ಬೋಲ್ಟ್ ಎಲ್ಲಿಯದೋ ಅಲ್ಲಿಯದು ಎಂದು ಚೀಟಿ ಕಟ್ಟಿ ಡಬ್ಬಿಗೆ ಹಾಕಬೇಕು. ಎರಡನೆಯ ವಾರ ತೊಳೆಯುವುದಕ್ಕೆ. ಆಮೇಲೆ ಸಿಲಿಂಡರಿನ ಬೋರ್ ಅಳೆಯುವ ಕೆಲಸ. ಇಲ್ಲಿ ನನಗೆ ಮೊದಲ ಪಾಠ ಸಿಕ್ಕಿತು.

ಸಿಲಿಂಡರ್ ಎಂದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಎಂದು ನಾವು ಫಳಕದ ಮೇಲೆ ಚಿತ್ರ ಬರೆಯುತ್ತೇವೆ. ಓಡಿದ ಎಂಜಿನ್ನಿನಲ್ಲಿ ಅಂಥ ಸಿಲಿಂಡರ್ ಸಿಗುವುದಿಲ್ಲ. ಮೇಲ್ಭಾಗದಲ್ಲಿ, ಪಿಸ್ಟನ್ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ, ಸವೆತ ಹೆಚ್ಚು. ಅಲ್ಲಿ ಶಾಖ ಹೆಚ್ಚು, ಒತ್ತಡ ಹೆಚ್ಚು, ಎಣ್ಣೆ ಕಡಿಮೆ. ಮೇಲಾಗಿ ರಿಂಗು ಅಲ್ಲಿ ಒಂದು ಕ್ಷಣ ನಿಲ್ಲುವುದರಿಂದ ಎಣ್ಣೆಯ ಪದರ ಉಳಿಯುವುದಿಲ್ಲ. ಇನ್ನೊಂದು ಸಂಗತಿ: ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಎಡಬಲದ ಗೋಡೆಗೆ ಒತ್ತುತ್ತದೆ, ಹಿಂದೆ ಮುಂದೆ ಅಷ್ಟು ಒತ್ತುವುದಿಲ್ಲ. ಹೀಗಾಗಿ ದುಂಡಗಿದ್ದ ಬೋರ್ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರ. ಪ್ರತಿ ಎತ್ತರದಲ್ಲಿ ಎರಡು ದಿಕ್ಕು. ಒಂದು ಸಿಲಿಂಡರಿಗೆ ಆರು ಅಳತೆ, ನಾಲ್ಕಕ್ಕೆ ಇಪ್ಪತ್ನಾಲ್ಕು. ಚಾಚಾ ಪ್ರತಿಯೊಂದನ್ನೂ ಎರಡೆರಡು ಸಲ ಹಿಡಿಸಿದರು. ಎರಡು ಸಲದ ಅಂಕಿ ಕೂಡದಿದ್ದರೆ ಮೂರನೆಯ ಸಲ.

ಸೊಲ್ಲಾಪುರದ ಬೋರಿಂಗ್ ವರ್ಕ್‌ಶಾಪಿನಲ್ಲಿ ನಾಲ್ಕೂ ಬೋರನ್ನು 0.4 ಮಿ.ಮೀ. ದೊಡ್ಡದು ಮಾಡಿಸಿ, ಅದೇ ಅಳತೆಯ ಓವರ್‌ಸೈಜ್ ಪಿಸ್ಟನ್ ಮತ್ತು ರಿಂಗು ತಂದೆ. ಈಗ ಬೋರ್ 68.4, ಎಂಜಿನ್ 1102 ಸಿಸಿ.

ಇನ್ನು ರಿಂಗಿನ ವಿಷಯ. ರೈಲು ಹಳಿಗಳ ನಡುವೆ ಸಂದು ಏಕೆ ಬಿಡುತ್ತಾರೆ ಎಂದು ನಾವೆಲ್ಲ ಕೇಳಿದ್ದೇವೆ, ಪ್ರತಿ ವರ್ಷ ಕೇಳುತ್ತೇವೆ. ಪಿಸ್ಟನ್ ರಿಂಗಿಗೂ ಅದೇ ನ್ಯಾಯ. ರಿಂಗಿನ ಎರಡು ತುದಿಗಳ ನಡುವೆ ಸಂದು ಇರಬೇಕು. ಎಷ್ಟು? ಬೋರಿನ ಸುತ್ತಳತೆ ಸುಮಾರು 215 ಮಿ.ಮೀ. ಬೀಡುಕಬ್ಬಿಣ ಒಂದು ಡಿಗ್ರಿಗೆ ಸುಮಾರು 0.000011 ಪಾಲು ಹಿಗ್ಗುತ್ತದೆ. ರಿಂಗು ಸುತ್ತಲಿನ ಗೋಡೆಗಿಂತ 100 ಡಿಗ್ರಿ ಹೆಚ್ಚು ಬಿಸಿಯಾಯಿತು ಎಂದು ಹಿಡಿಯಿರಿ. ಗುಣಿಸಿದರೆ 0.24 ಮಿ.ಮೀ. ಬರುತ್ತದೆ. ಮಿಸ್ತ್ರಿಗಳು ಬಾಯಿಲೆಕ್ಕದಲ್ಲಿ, 100 ಮಿ.ಮೀ. ಬೋರಿಗೆ 0.3ರಿಂದ 0.4 ಎಂದು ಹಿಡಿಯುತ್ತಾರೆ. ಅದರಂತೆಯೂ ನಮ್ಮ ಬೋರಿಗೆ 0.2ರಿಂದ 0.27 ಬರುತ್ತದೆ. ಎರಡು ದಾರಿಯಿಂದ ಹೋದರೂ ಒಂದೇ ಊರು ಮುಟ್ಟಿದಂತಾಯಿತು. ನಾನು 0.25 ಇಟ್ಟುಕೊಂಡೆ.

ಹೊಸ ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ನಿನಿಂದ ತಳ್ಳಿ ಸಮ ಮಾಡಿ, ಸಂದಿನಲ್ಲಿ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ನೋಡಬೇಕು. ಸಂದು ಕಡಿಮೆ ಇದ್ದರೆ ಹೊರತೆಗೆದು ತುದಿಯನ್ನು ಸಣ್ಣ ಕಾನಸಿನಿಂದ ತೀಡಬೇಕು. ಮತ್ತೆ ಇಳಿಸಬೇಕು, ಮತ್ತೆ ಅಳೆಯಬೇಕು. ಒಂದು ರಿಂಗಿಗೆ ಅರ್ಧ ತಾಸು ಹೋಗುತ್ತದೆ. ಮೂರು ಸಿಲಿಂಡರಿನ ರಿಂಗು ಮುಗಿಯುವ ಹೊತ್ತಿಗೆ ಕತ್ತಲಾಯಿತು, ಕರೆಂಟ್ ಹೋಯಿತು, ಚಾಚಾ ಮನೆಗೆ ಹೋಗಿದ್ದರು. ಬೆನ್ನು ನೋಯುತ್ತಿತ್ತು. ಒಂದೇ ಪೆಟ್ಟಿಗೆಯ ರಿಂಗು ತಾನೇ, ಮೂರಕ್ಕೆ ಎಷ್ಟು ತೀಡಿದೆನೋ ನಾಲ್ಕನೆಯದಕ್ಕೂ ಅಷ್ಟೇ ತೀಡಿದರಾಯಿತು ಎಂದುಕೊಂಡೆ. ಕೈಯಂದಾಜಿನಲ್ಲಿ ನಾಲ್ಕಾರು ಸಲ ಕಾನಸು ಎಳೆದೆ. ಬೋರಿಗೆ ಇಳಿಸಿ ನೋಡಲಿಲ್ಲ. ವಹಿಯಲ್ಲಿ ನಾಲ್ಕನೆಯ ಸಾಲಿಗೆ "0.25" ಎಂದು ಬರೆದೆ.

ಎಂಜಿನ್ ಚಾಲೂ ಆಯಿತು. ಊರ ಸುತ್ತ ಓಡಿತು. ಕಾಕಾ ಖುಷಿಪಟ್ಟರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವರನ್ನು ಕೂಡಿಸಿಕೊಂಡು ಸೊಲ್ಲಾಪುರಕ್ಕೆ ಹೊರಟೆ. ಆ ಬಿಸಿಲು ನಿಮಗೆ ಗೊತ್ತೇ ಇದೆ. ವಳಸಂಗ ದಾಟುವುದರೊಳಗೆ ಕೀಚ್ ಎಂದು ಸದ್ದು, ಗಾಡಿಯ ಜೋರು ಇಳಿಯಿತು, ಹಿಂದೆ ನೀಲಿ ಹೊಗೆ. ಬೇವಿನ ಗಿಡದ ಕೆಳಗೆ ಎರಡು ತಾಸು ಕೂತೆವು. ಕಾಕಾ ಬಯ್ಯಲಿಲ್ಲ. "ಎಲ್ಲಾ ಅಳತಿ ಹಿಡದಿದ್ದಿಲ್ಲೋ?" ಎಂದು ಒಮ್ಮೆ ಮಾತ್ರ ಕೇಳಿದರು. ನಾನು "ಹೂಂ" ಅಂದೆ.

ಬಿಚ್ಚಿದಾಗ ಮೂರು ಬೋರು ಕನ್ನಡಿಯಂತಿದ್ದವು. ನಾಲ್ಕನೆಯದರಲ್ಲಿ ಮೇಲಿನಿಂದ ಕೆಳಕ್ಕೆ ಉಗುರಿಗೆ ಸಿಗುವಂಥ ಗೀರು. ಮೇಲಿನ ರಿಂಗಿನ ಎರಡೂ ತುದಿಗಳು ಹೊಳೆಯುತ್ತಿದ್ದವು. ಬಿಸಿಗೆ ಹಿಗ್ಗಿ, ತುದಿಗೆ ತುದಿ ತಾಗಿ, ಇನ್ನೂ ಹಿಗ್ಗಲು ಜಾಗ ಸಿಗದೆ ರಿಂಗು ಗೋಡೆಯನ್ನೇ ಕೊರೆದಿತ್ತು. ಚಾಚಾ ಆ ಹೊಳೆಯುವ ತುದಿ ತೋರಿಸಿ, "ಸರ, ಇದನ್ನ ಅಳದಿಲ್ರಿ ನೀವು" ಅಂದರು. ನನ್ನ ವಹಿ ಅವರು ನೋಡಿರಲಿಲ್ಲ. ನೋಡುವ ಅಗತ್ಯವೂ ಬೀಳಲಿಲ್ಲ.

ಬಂಧುಗಳೇ, ಅಂದು ರಾತ್ರಿ ನನಗೆ ಕಂಡದ್ದು ನನ್ನ ಹುಡುಗರ ಜರ್ನಲ್. ಅವರು ಮಾಡುವುದನ್ನೇ ನಾನು ಮಾಡಿದ್ದೆ. ವ್ಯತ್ಯಾಸ ಇಷ್ಟೇ: ಅವರ ಸುಳ್ಳು ಅಂಕಿಗೆ ನಾನು ಸಹಿ ಮಾಡುತ್ತೇನೆ, ನನ್ನ ಸುಳ್ಳು ಅಂಕಿಗೆ ಎಂಜಿನ್ ಸಹಿ ಮಾಡಲಿಲ್ಲ. ಹುಡುಗರು ಕಳ್ಳರು ಎಂದು ನಾವು ಸ್ಟಾಫ್ ರೂಮಿನಲ್ಲಿ ಮಾತಾಡುತ್ತೇವೆ. ಆದರೆ ಉತ್ತರ ಮೊದಲೇ ಗೊತ್ತಿರುವ, ತಪ್ಪಿದರೂ ಏನೂ ಕೆಡದ ಅಳತೆಯನ್ನು ಯಾರು ತಾನೇ ಎರಡು ಸಲ ಹಿಡಿದಾರು? ಆ ಗುಂಡಿನ ವ್ಯಾಸ ಎಷ್ಟಿದ್ದರೇನು, ಅದು ಎಲ್ಲಿಯೂ ಕೂರಬೇಕಾಗಿಲ್ಲ. ಅಳತೆಯಿಂದ ಏನೋ ಒಂದು ನಡೆಯಬೇಕು ಅಥವಾ ನಿಲ್ಲಬೇಕು. ಆಗ ಮಾತ್ರ ಮಗು ತಾಳ್ಮೆಯಿಂದ ಅಳೆಯುತ್ತದೆ. ಇದೇ ನನ್ನ ಅಭಿಪ್ರಾಯ, ಈ ಲೇಖನದ ತಿರುಳೂ ಇದೇ.

ಎರಡನೆಯ ಸಲ ಎಂಜಿನ್ ಕಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಮುಂದಿನ ಓವರ್‌ಸೈಜ್, ಅಂದರೆ 0.6ಕ್ಕೆ ನಾಲ್ಕೂ ಬೋರ್ ಮಾಡಿಸಿದೆ. ಆದರೆ ಈ ಒಂಬತ್ತು ತಿಂಗಳಲ್ಲಿ ಬೇಸರದ ದಿನ ನೆನಪಿಗೆ ಬರುವುದಿಲ್ಲ. ತಾಳ್ಮೆ ಎಂದರೆ ಹಲ್ಲು ಕಚ್ಚಿ ಸಹಿಸುವುದು ಎಂದುಕೊಂಡಿದ್ದ ನನಗೆ, ಅದರಲ್ಲಿ ಸುಖವೂ ಇದೆ ಎಂದು ತಿಳಿದದ್ದು ಆಗ.

ವಾಲ್ವ್ ಕೂರಿಸುವ ಕೆಲಸ ನೋಡ್ರಿ. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಎರಡು ಅಂಗೈ ನಡುವೆ ಅತ್ತಿತ್ತ ತಿರುವಬೇಕು. "ಸಣ್ಣ ಕಡಗೋಲು ತಿರುವಿದಂಗ" ಎನ್ನುತ್ತಿದ್ದರು ಚಾಚಾ. ಮೊದಲು ಗರಗರ ಸದ್ದು ಬರುತ್ತದೆ. ನಿಧಾನಕ್ಕೆ ಸದ್ದು ಮೆತ್ತಗಾಗುತ್ತದೆ. ಒರೆಸಿ ನೋಡಿದರೆ ಸುತ್ತಲೂ ಒಂದೇ ಅಗಲದ ಬೂದುಬಣ್ಣದ ಉಂಗುರ. ಅದು ಎಲ್ಲಿಯೂ ಕಡಿದಿರಬಾರದು. ಆಮೇಲೆ ಮೇಲಿನಿಂದ ಸೀಮೆಎಣ್ಣೆ ಹೊಯ್ದು ಬಿಡಬೇಕು. ಬೆಳಿಗ್ಗೆ ನೋಡಿದಾಗ ಕೆಳಗೆ ಒಂದು ಹನಿಯೂ ಇರದಿದ್ದರೆ ಕೆಲಸ ಸರಿ. ಆ ಒಣ ಕಾಗದ ನೋಡಿದಾಗಿನ ಸಂತೋಷ ಅನುಭವಿಸಿಯೇ ತಿಳಿಯಬೇಕು.

ಶಾಲೆಯ ರಸಾಯನಶಾಸ್ತ್ರದ ತಕ್ಕಡಿಯಲ್ಲಿ ನಾಲ್ಕು ಪಿಸ್ಟನ್ ತೂಗಿದೆ. ಒಂದು ಗ್ರಾಂ ವ್ಯತ್ಯಾಸ ಏನು ಮಹಾ ಎನ್ನಬೇಡಿ. ನಿಮಿಷಕ್ಕೆ 4000 ಸುತ್ತಿನ ವೇಗದಲ್ಲಿ ಆ ಒಂದು ಗ್ರಾಂ 6.5 ನ್ಯೂಟನ್‌ಗಿಂತ ಹೆಚ್ಚಿನ ಬಲದಿಂದ ಎಳೆಯುತ್ತದೆ, ಅಂದರೆ ಸುಮಾರು ಒಂದು ಕಿಲೋದ ಮೂರನೆಯ ಎರಡು ಪಾಲಿನಷ್ಟು. ಹಗುರವಾದ ಪಿಸ್ಟನ್ನಿಗೆ ಉಳಿದ ಮೂರನ್ನು ಒಳಗಿನಿಂದ ತೀಡಿ ಸರಿಮಾಡಿದೆ.

ಬ್ಯುರೆಟ್ಟಿಗೂ ಕೆಲಸ ಸಿಕ್ಕಿತು. ಪಿಸ್ಟನ್ ಪೂರ್ತಿ ಮೇಲಿರುವಾಗ ಅದರ ಮೇಲೆ ಉಳಿಯುವ ಜಾಗ ನಾಲ್ಕೂ ಸಿಲಿಂಡರಿಗೆ ಒಂದೇ ಇರಬೇಕು. ಹೆಡ್ ಅಂಗಾತ ಇಟ್ಟು, ವಾಲ್ವ್ ಮತ್ತು ಪ್ಲಗ್ ಹಾಕಿ, ಮೇಲೆ ತೂತಿರುವ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಗ್ರೀಸಿನಿಂದ ಅಂಟಿಸಿ, ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಟ್ಟು ತುಂಬಿಸಿದೆ. ಗ್ಯಾಸ್ಕೆಟ್ಟಿನ ದಪ್ಪದ ಜಾಗವನ್ನೂ ಸೇರಿಸಿದಾಗ ಮೂರು ಕಡೆ 42 ಮಿ.ಲೀ., ಒಂದು ಕಡೆ 40 ಬಂತು. ಎರಡು ಮಿ.ಲೀ. ಎಂದರೆ ಅರ್ಧ ಚಮಚೆಗೂ ಕಡಿಮೆ. ಆದರೆ ಲೆಕ್ಕ ಹಾಕಿ ನೋಡ್ರಿ: ಮೂರರಲ್ಲಿ ಸಂಪೀಡನ ಅನುಪಾತ 7.60, ಒಂದರಲ್ಲಿ 7.93. ಆ ಸಣ್ಣ ಕೋಣೆಯನ್ನು ತೀಡುತ್ತ, ಅಳೆಯುತ್ತ 42ಕ್ಕೆ ತರಲು ಮೂರು ಭಾನುವಾರ ಬೇಕಾದವು. ರಿಂಗಿನ ಸಂದನ್ನು ಮಾತ್ರ ಹಗಲು ಬೆಳಕಿನಲ್ಲಿ, ನಾಲ್ಕೂ ಸಿಲಿಂಡರಿನವನ್ನು ಮೂರು ಮೂರು ಸಲ ನೋಡಿದೆ.

ಕೊನೆಗೆ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗಿನತ್ತ, ಒಮ್ಮೆಲೇ ಬಿಗಿಯದೆ ಹಂತ ಹಂತವಾಗಿ ಬಿಗಿದು, ಪ್ಲಗ್ ಹಾಕದೆ ಎಂಜಿನ್ ತಿರುಗಿಸಿ ಎಣ್ಣೆಯ ಒತ್ತಡ ಏರಿಸಿ, 1-3-4-2 ಕ್ರಮದಲ್ಲಿ ಪ್ಲಗ್ಗಿನ ವೈರು ಜೋಡಿಸಿದೆ. ಎರಡನೆಯ ತಿರುವಿಗೇ ಹತ್ತಿಕೊಂಡಿತು. ಕಾಕಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತುಸು ಹೊತ್ತು ನಿಂತು, "ಈಗ ಬರೋಬ್ಬರಿ ಅದ" ಅಂದರು. ವಳಸಂಗದ ಆ ಮಧ್ಯಾಹ್ನ ನಾನು ಸುಳ್ಳು ಹೇಳಿದ್ದೆ ಎಂದು ಅಂದು ಅವರಿಗೆ ಹೇಳಿದೆ. ಅವರಿಗೆ ಅದು ಗೊತ್ತಿತ್ತು.

ಈಗ ನಮ್ಮ ಶಾಲೆಗಳ ಮಾತಿಗೆ ಬರುತ್ತೇನೆ. ಎಲ್ಲರೂ ಪದ್ಮಿನಿ ಹುಡುಕಿರಿ ಎಂದು ನಾನು ಹೇಳುವುದಿಲ್ಲ. ಗುಜರಿಯವನ ಹತ್ತಿರ ಕೆ.ಜಿ. ಲೆಕ್ಕದಲ್ಲಿ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಎಂಜಿನ್ ಸಿಗುತ್ತದೆ. ಒಂದೇ ಸಿಲಿಂಡರ್, ಬೋರ್ 57 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 57. ಪೆಟ್ರೋಲ್, ಎಣ್ಣೆ ಪೂರ್ತಿ ತೆಗೆದು, ತೊಳೆದು ಒಣಗಿಸಿ ಶಾಲೆಗೆ ತನ್ನಿ. ಚಾಲೂ ಮಾಡುವುದು ಬೇಡ. ವರ್ನಿಯರ್ ಕೊಡಿ. ವ್ಯಾಸ ಅಳೆಯಲಿ, ದೂರ ಅಳೆಯಲಿ, ಘನಫಲ ತೆಗೆಯಲಿ. 145ರ ಆಸುಪಾಸು ಬಂದೀತು. ನಿಯಮ ಒಂದೇ ಇರಲಿ: ತನ್ನ ಅಂಕಿಯನ್ನು ಪಕ್ಕದವರಿಗೆ ಹೇಳುವಂತಿಲ್ಲ, ಬರೆದದ್ದನ್ನು ತಿದ್ದುವಂತಿಲ್ಲ.

ನಾನು ಹೀಗೆ ಮಾಡಿಸಿದಾಗ ಇಯತ್ತೆ ಒಂಬತ್ತರ ಹೆಚ್ಚಿನ ಮಕ್ಕಳಿಗೆ ವ್ಯಾಸ 57.1 ಬಂತು. ಒಬ್ಬ ಹುಡುಗಿಗೆ 57.3. ಫಳಕದ ಮೇಲೆ ಎಲ್ಲರ ಅಂಕಿ ಬರೆದಾಗ ಅವಳ ಮುಖ ಇಳಿಯಿತು. "ಸರ, ನಂದು ತಪ್ಪಾಗ್ಯದ, ಅಳಸಲೇನ್ರಿ?" ಎಂದಳು. ಅಳಿಸಬೇಡ, ಎಲ್ಲಿ ಹಿಡಿದಿದ್ದೆ ತೋರಿಸು ಎಂದೆ. ಉಳಿದವರೆಲ್ಲ ಮೇಜಿನ ಒಂದೇ ಬದಿಗೆ ನಿಂತು ಒಂದೇ ದಿಕ್ಕಿನಲ್ಲಿ ಅಳೆದಿದ್ದರು. ಜಾಗ ಸಿಗದೆ ಅವಳು ಅಡ್ಡದಿಂದ ಅಳೆದಿದ್ದಳು. ಆ ದಿಕ್ಕಿನಲ್ಲಿ ಬೋರ್ ನಿಜಕ್ಕೂ ಸವೆದಿತ್ತು. ಹಿಂದಿನ ವರ್ಷವಾಗಿದ್ದರೆ ನಾನೇ ಆ 57.3ನ್ನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೆ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ವಿದ್ಯುತ್ ಗಾಡಿಗಳ ಕಾಲ ಬಂತು, ಪೆಟ್ರೋಲ್ ಎಂಜಿನ್ ಯಾರಿಗೆ ಬೇಕು ಎನ್ನುತ್ತೀರಿ. ನಿಜ, ಮುಂದೆ ಅದು ಬೇಡವಾಗಬಹುದು. ಆದರೆ ಮೋಟರಿನ ಬೇರಿಂಗೂ ಮಿ.ಮೀ.ಯ ನೂರನೆಯ ಪಾಲಿನಲ್ಲೇ ಕೂರಬೇಕು. ಕಲಿಸಬೇಕಾದ್ದು ಅಳತೆ, ಎಂಜಿನ್ ಅದಕ್ಕೆ ಅಗ್ಗದಲ್ಲಿ ಸಿಗುವ ಸಾಧನ, ಅಷ್ಟೇ. ಪೋರ್ಶನ್ ಮುಗಿಯುವುದಿಲ್ಲ ಎನ್ನುತ್ತೀರಿ. ಘನಫಲ, ಉಷ್ಣದಿಂದ ಹಿಗ್ಗುವಿಕೆ, ಒತ್ತಡ, ಘರ್ಷಣೆ ಎಲ್ಲವೂ ಪೋರ್ಶನ್ನಿನವೇ. ನಾಲ್ಕು ತಾಸಿನಲ್ಲಿ ನಾಲ್ಕು ಪಾಠದ ಕೆಲಸ ಆಗುತ್ತದೆ. ಕೈ ಹೊಲಸಾಗುತ್ತದೆ, ಪಾಲಕರು ಗ್ಯಾರೇಜಿಗೆ ಕಳಿಸಲು ಶಾಲೆಗೆ ಹಾಕಿಲ್ಲ ಎನ್ನುತ್ತಾರೆ ಎಂಬುದೂ ಒಂದು ಮಾತು. ಅದಕ್ಕೆ ನನ್ನ ಉತ್ತರ, ಆ ಪಾಲಕರನ್ನೂ ಒಂದು ದಿನ ಕರೆಯಿರಿ.

ಇನ್ನೊಂದು ಲಾಭ ನಮ್ಮಂಥ ಗಡಿಯ ಕನ್ನಡ ಶಾಲೆಗಳಿಗೇ ವಿಶೇಷ. ನಮ್ಮ ತರಗತಿಯಲ್ಲಿ "ಕೊಂತ" ಎಂದು ಓದಿ ಬಾಯಿಪಾಠ ಮಾಡುವ ಹುಡುಗನಿಗೆ ಅದು ಪಿಸ್ಟನ್ ಎಂದು ಗೊತ್ತಿರುವುದಿಲ್ಲ. ಹಿಂದಿನ ಬೆಂಚಿನ ಮಿಸ್ತ್ರಿಯ ಮಗನಿಗೆ ಪಿಸ್ಟನ್, ರಿಂಗು, ಪಾನಾ ಎಲ್ಲ ಗೊತ್ತು, ಪುಸ್ತಕದ ಮಾತು ಬರುವುದಿಲ್ಲ. ಎಂಜಿನ್ ಮೇಜಿನ ಮೇಲೆ ಬಂದ ದಿನ ಇಬ್ಬರೂ ಒಬ್ಬರಿಗೊಬ್ಬರು ಬೇಕಾದರು. ಕನ್ನಡದಲ್ಲಿ ವಿಜ್ಞಾನ ಕಲಿತರೆ ಏನು ಉಪಯೋಗ ಎಂದು ಕೇಳುವವರಿಗೆ ನಾನು ಭಾಷಣ ಮಾಡುವುದನ್ನು ಬಿಟ್ಟಿದ್ದೇನೆ. ಆ ಮೇಜಿನ ಹತ್ತಿರ ಕರೆದೊಯ್ಯುತ್ತೇನೆ.

ನಮ್ಮ ಪದ್ಮಿನಿ ಈಗ 68.6 ಬೋರಿನ, 1109 ಸಿಸಿಯ ಗಾಡಿ. ಕಾಗದದಲ್ಲಿ 1089 ಇದೆ. ಮೊದಲ ಸಲ ಸರಿಯಾಗಿ ಅಳೆದಿದ್ದರೆ 1102ಕ್ಕೇ ನಿಲ್ಲುತ್ತಿತ್ತು. ಮೇಲಿನ ಆರು ಚಿಲ್ಲರೆ ಸಿಸಿ ನನ್ನ ಆ ಒಂದು ಸುಳ್ಳು ಅಂಕಿಯದು. ವಹಿಯ ಆ ಪುಟವನ್ನು ನಾನು ಹರಿದಿಲ್ಲ. ಪ್ರತಿ ವರ್ಷ ಮೊದಲ ಪ್ರಾತ್ಯಕ್ಷಿಕದ ದಿನ ಮಕ್ಕಳಿಗೆ ಅದನ್ನು ತೋರಿಸಿ, ಆಮೇಲೆ ವರ್ನಿಯರ್ ಹಂಚುತ್ತೇನೆ. ಬರುವ ಜೂನ್‌ನಲ್ಲಿ ಶಾಲೆ ತೆರೆದಾಗ ನೀವೂ ಒಂದು ಹಳೆಯ ಎಂಜಿನ್ ತರಿಸಿ ನೋಡ್ರಿ. ನಿಮ್ಮ ಮಕ್ಕಳ ಅಂಕಿಗಳು ಒಂದಕ್ಕೊಂದು ಕೂಡದಿದ್ದರೆ ಅವನ್ನು ತಿದ್ದದೆ ಹಾಗೆಯೇ ಈ ಪತ್ರಿಕೆಗೆ ಕಳಿಸಿ.